ದೇವಿಮನೆ ಘಾಟಿ ಮತ್ತು ಪಿಕಪ್‌ನ ಟ್ರಾನ್ಸ್‌ಮಿಷನ್ ಕೂಲರ್

ಕುಮಟಾದಿಂದ ಲೋಡ್ ಹೇರಿಕೊಂಡು ದೇವಿಮನೆ ಘಾಟಿ ಹತ್ತಿದರೆ ನನ್ನ ಆಟೋಮ್ಯಾಟಿಕ್ ಪಿಕಪ್‌ನ ಟ್ರಾನ್ಸ್‌ಮಿಷನ್ ಆಯಿಲ್ 125 ಡಿಗ್ರಿ ದಾಟುತ್ತಿತ್ತು. ಗೇರ್ ಜಾರುತ್ತಿತ್ತು. ಆಯಿಲ್ ಬದಲಿಸಿದೆ, ರೇಡಿಯೇಟರ್ ತೊಳೆಸಿದೆ. ಉಪಯೋಗ ಆಗಲಿಲ್ಲ.

ಆಯಿಲ್ ತಣಿಸಲು ಹೊರಗಿನ ಕೂಲರ್ ಹಾಕಿದರೂ ಮೊದಲ ಸಲ ವ್ಯತ್ಯಾಸ ಕಾಣಲಿಲ್ಲ. ಟ್ರಾನ್ಸ್‌ಮಿಷನ್‌ನಿಂದ ಆಯಿಲ್ ರೇಡಿಯೇಟರ್‌ಗೆ ಹೋಗುವ ಪೈಪಿಗೆ ಜೋಡಿಸಿದ್ದೆ. ತಣ್ಣಗಾದ ಆಯಿಲ್ ರೇಡಿಯೇಟರ್‌ನ ಬಿಸಿ ನೀರಲ್ಲಿ ಮತ್ತೆ ಬಿಸಿಯಾಗುತ್ತದೆ, ಅಲ್ವಾ? ರೇಡಿಯೇಟರ್‌ನಿಂದ ಟ್ರಾನ್ಸ್‌ಮಿಷನ್‌ಗೆ ವಾಪಸ್ ಬರುವ ಪೈಪಿಗೇ ಹಾಕಬೇಕು. ತಣ್ಣಗಿರುವ ಎಂಜಿನ್ ಚಾಲು ಮಾಡಿ ನೋಡಿ: ಮೊದಲು ಬಿಸಿಯಾಗುವುದು ಹೋಗುವ ಪೈಪು, ಇನ್ನೊಂದು ವಾಪಸ್ಸಿನದು. ಕೂಲರ್ ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಮುಂದೆ ಇರಲಿ, ಅದಕ್ಕೆ ಪೈಪ್ ಜೋಡಿಸುವ ಬಾಯಿ ಮೇಲಕ್ಕಿರಲಿ. ಕೆಳಕ್ಕಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಟ್ರಾನ್ಸ್‌ಮಿಷನ್ ಆಯಿಲ್‌ಗೆಂದೇ ಬರುವ ಹೋಸ್ ತನ್ನಿ, ಡೀಸೆಲ್ ಪೈಪ್ ಬೇಡ. ಕೊನೆಗೆ ಬ್ರೇಕ್ ಒತ್ತಿ ಹಿಡಿದು ಎಲ್ಲ ಗೇರಿಗೂ ಹಾಕಿ ತೆಗೆದು, ಎಂಜಿನ್ ಚಾಲು ಇರುವಾಗಲೇ ಆಯಿಲ್ ಮಟ್ಟ ನೋಡಿ. ನನ್ನದಕ್ಕೆ ಅರ್ಧ ಲೀಟರ್ ಜಾಸ್ತಿ ಬೇಕಾಯಿತು.

ಈಗ ಅದೇ ಲೋಡ್, ಅದೇ ಘಾಟಿ. 95 ದಾಟಿಲ್ಲ.