ಅಮ್ಮನಿಗೆ ಆಪರೇಷನ್, ನಿಮಗೆ ರಜೆ: ಕೇಳುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನಿಂದಲೇ ಮ್ಯಾನೇಜರ್‌ಗೆ ಫೋನ್ ಮಾಡಿದೆ. ‘ಪರವಾಗಿಲ್ಲ, ನೋಡ್ಕೊಳ್ಳಿ, ರಜೆ ವಿಷಯ ಆಮೇಲೆ ಮಾತಾಡೋಣ’ ಅಂದರು. ತಿಂಗಳ ಕೊನೆಗೆ ಪೇಸ್ಲಿಪ್‌ನಲ್ಲಿ ‘ಎಲ್‌ಒಪಿ 4’ ಅಂತ ಬಂತು. ನಾಲ್ಕು ದಿನದ ಸಂಬಳ ಕಟ್. ಎಚ್‌ಆರ್ ಹತ್ತಿರ ಹೋದರೆ, ‘ಸಿಕ್ ಲೀವ್ ಇರೋದು ನಿಮಗೆ, ನಿಮ್ಮ ತಾಯಿಗಲ್ಲ’ ಅಂದರು. ಹೌದೇನೋ ಅಂದುಕೊಂಡು ಸುಮ್ನೆ ವಾಪಸ್ ಬಂದೆ. ಕಾಯ್ದೆಯಲ್ಲಿ ಏನಿದೆ ಅಂತ ಆಗ ನೋಡಿರಲಿಲ್ಲ.

ಮೊದಲ ಕೆಲಸ, ನಿಮಗೆ ಯಾವ ಕಾಯ್ದೆ ಅನ್ವಯಿಸುತ್ತದೆ ಅಂತ ತಿಳಿದುಕೊಳ್ಳುವುದು. ಚಿಕ್ಕಪೇಟೆಯ ಬಟ್ಟೆ ಅಂಗಡಿ, ಗಾಂಧಿ ಬಜಾರಿನ ಹೋಟೆಲ್, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿ, ಮೂರಕ್ಕೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ. ಪೀಣ್ಯದ ವರ್ಕ್‌ಶಾಪ್, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಆದರೆ ಕಾರ್ಖಾನೆ ಕಾನೂನು. ಗಳಿಕೆ ರಜೆಯ ಲೆಕ್ಕ ಎರಡೂ ಕಡೆ ಒಂದೇ: 20 ದಿನ ದುಡಿದರೆ 1 ದಿನ.

ಅಂಗಡಿ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಇದರ ಜೊತೆಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ. ಎಲ್ಲರೂ ‘ಸಿಕ್ ಲೀವ್’ ಅನ್ನುವುದು ಇದನ್ನೇ. ಆದರೆ ಕಾಯ್ದೆ ಕಾಯಿಲೆಗೇ ನಿಲ್ಲುವುದಿಲ್ಲ. ಕಾಯಿಲೆ, ಅಪಘಾತ, ಅಥವಾ ಬೇರೆ ಯಾವುದೇ ಸಕಾರಣ ಅನ್ನುತ್ತದೆ. ಹೆತ್ತ ತಾಯಿ ಆಪರೇಷನ್ ಥಿಯೇಟರ್‌ನಲ್ಲಿರುವುದು ಸಕಾರಣ ಅಲ್ವಾ? ಖಾಸಗಿ ಕೆಲಸದವರಿಗೆ ಮನೆಯವರ ಆರೈಕೆಗೆ ಅಂತಲೇ ಪ್ರತ್ಯೇಕ ರಜೆ ನಮ್ಮಲ್ಲಿಲ್ಲ. ಇರುವುದು ಈ ಒಂದು ಸಂದು, ಅದರಲ್ಲೇ ನುಸುಳಬೇಕು. ಆಡಳಿತ ಹುದ್ದೆಯಲ್ಲಿರುವವರಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ. ಅವರು ಕಂಪನಿಯ ಪಾಲಿಸಿಯನ್ನೇ ನೋಡಬೇಕು.

ಎರಡನೆಯದು, ಪೇಸ್ಲಿಪ್ ತೆಗೆದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತಿದೆಯಾ ನೋಡಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಸಾಮಾನ್ಯವಾಗಿ ಕಟ್ ಆಗುತ್ತಿರುತ್ತದೆ. ನಿಮ್ಮದು ಶೇ 0.75, ಮಾಲೀಕರದು ಶೇ 3.25. ಇಎಸ್‌ಐ ಅಂದರೆ ಮಾತ್ರೆ, ಇಂಜೆಕ್ಷನ್ ಅಷ್ಟೇ ಅಂದುಕೊಂಡವರೇ ಜಾಸ್ತಿ. ನೀವೇ ಹಾಸಿಗೆ ಹಿಡಿದರೆ ದುಡ್ಡೂ ಬರುತ್ತದೆ. ದಿನದ ಸರಾಸರಿ ಸಂಬಳದ ಶೇ 70, ವರ್ಷಕ್ಕೆ 91 ದಿನದವರೆಗೆ. ದಿನಕ್ಕೆ 600 ರೂಪಾಯಿ ದುಡಿಯುವವರಿಗೆ 420. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಬೇರೆ, ಇನ್ನೂ ಉದ್ದದ ಸೌಲಭ್ಯವಿದೆ.

ಈ ಶೇ 70ರ ಹಣಕ್ಕೊಂದು ಷರತ್ತು: ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗೆ ಕೆಲಸಕ್ಕೆ ಬರುತ್ತದೆ. ಸರ್ಟಿಫಿಕೇಟ್ ಇಎಸ್‌ಐ ಡಿಸ್ಪೆನ್ಸರಿ ಅಥವಾ ಆಸ್ಪತ್ರೆಯ ಡಾಕ್ಟರದ್ದೇ ಇರಲಿ. ಬೀದಿ ಕೊನೆಯ ಕ್ಲಿನಿಕ್ಕಿನ ಚೀಟಿ ನಂಬಿ ಕೂತರೆ ಕ್ಲೇಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜ್ವರ ಬಂದ ಮೊದಲ ದಿನವೇ ಡಿಸ್ಪೆನ್ಸರಿಗೆ ಹೋಗಿ. ಈ ಹಣ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವ ಹಾಗಿಲ್ಲ. ಮನೆಯವರಿಗೆ ಕಾಯಿಲೆಯಾದರೆ ಇಎಸ್‌ಐನಲ್ಲಿ ಚಿಕಿತ್ಸೆ ಸಿಗುತ್ತದೆ, ನಿಮ್ಮ ಸಂಬಳ ಸಿಗುವುದಿಲ್ಲ.

ಹೆರಿಗೆ ರಜೆಯ ಬಗ್ಗೆ ಹೆಚ್ಚಿನವರಿಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 2017ರಲ್ಲಿ 12 ವಾರ ಇದ್ದದ್ದು 26 ವಾರ ಆಯಿತು, ಸಂಬಳ ಸಹಿತ. ಎರಡು ಮಕ್ಕಳಿರುವವರಿಗೆ 12 ವಾರವೇ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಗರ್ಭಪಾತವಾದರೆ 6 ವಾರ. ಇದನ್ನು ಕೇಳಲು ಎಷ್ಟೋ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ಹಿಂಜರಿಯಬೇಡಿ. ರಾಜ್ಯ ಸರ್ಕಾರ 2025ರಲ್ಲಿ ತಿಂಗಳಿಗೆ 1 ದಿನ ಮುಟ್ಟಿನ ರಜೆಯ ಆದೇಶ ಹೊರಡಿಸಿದೆ, ಅದು ಹೈಕೋರ್ಟ್ ಮೆಟ್ಟಿಲನ್ನೂ ಏರಿದೆ. ಅಪ್ಪಂದಿರಿಗೆ? ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ. ಖಾಸಗಿಯವರಿಗೆ ಕಂಪನಿ ಕೊಟ್ಟರೆ ಉಂಟು.

ಇನ್ನು ಕೇಳುವ ಬಗೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಯಿತು ಅಂತಲೇ ತಿಳಿಯಿರಿ. ಫೋನ್ ಇಟ್ಟ ಕೂಡಲೇ ಎರಡು ಸಾಲು ಮೇಲ್ ಹಾಕಿ. ಹೀಗೆ ಬರೆದರೆ ಸಾಕು:

‘ಸರ್, ನನ್ನ ತಾಯಿಗೆ ನಾಳೆ ಆಪರೇಷನ್ ಇದೆ. ಈಗ ಫೋನಿನಲ್ಲಿ ತಿಳಿಸಿದಂತೆ 12ರಿಂದ 15ರವರೆಗೆ ನಾಲ್ಕು ದಿನ ಅಂಗಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸಂಬಳ ಸಹಿತ ರಜೆ ಕೊಡಬೇಕಾಗಿ ವಿನಂತಿ. ಅಡ್ಮಿಷನ್ ಚೀಟಿ ಲಗತ್ತಿಸಿದ್ದೇನೆ.’

ಕಥೆ ಬೇಡ, ಕ್ಷಮೆ ಕೇಳುವುದು ಬೇಡ. ತಾರೀಕು, ಕಾರಣ, ಸೆಕ್ಷನ್ ಇರಲಿ. ಎಚ್‌ಆರ್‌ಗೆ ಒಂದು ಕಾಪಿ, ನಿಮ್ಮ ಸ್ವಂತ ಜಿಮೇಲ್‌ಗೆ ಒಂದು ಕಾಪಿ. ಆಫೀಸಿನ ಲಾಗಿನ್ ಬಂದ್ ಆದ ದಿನ ಅಲ್ಲಿದ್ದ ಮೇಲ್ ಕೈಗೆ ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲೇ ಎಲ್ಲ ನಡೆಯುವ ಅಂಗಡಿಯಾದರೆ ಅಲ್ಲೇ ಬರೆಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇಲ್ಲ ಅಂದರೆ, ‘ಕಾರಣವನ್ನು ಬರಹದಲ್ಲಿ ತಿಳಿಸಿ’ ಅಂತ ವಾಪಸ್ ಬರೆಯಿರಿ. ಬಾಯಲ್ಲಿ ಸಲೀಸಾಗಿ ಇಲ್ಲ ಅನ್ನುವವರು ಬರೆದು ಕೊಡಲು ಹಿಂದೆಮುಂದೆ ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಏರಿಯಾದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ. ಯಾರು, ಎಲ್ಲಿ ಅಂತ ತಿಳಿಯದಿದ್ದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ನೇಮಕಾತಿ ಪತ್ರ, ಸಂಬಳ ಕಟ್ ಆದ ತಿಂಗಳ ಪೇಸ್ಲಿಪ್, ಮೇಲ್‌ಗಳ ಪ್ರಿಂಟ್, ಆಸ್ಪತ್ರೆ ಚೀಟಿ, ಎಲ್ಲವೂ ಎರಡೆರಡು ಜೆರಾಕ್ಸ್ ಇರಲಿ. ದೂರು ಕೊಟ್ಟ ಮೇಲೆ ನಿಮ್ಮ ಕಾಪಿಯ ಮೇಲೆ ತಾರೀಕಿನ ಸೀಲ್ ಹಾಕಿಸಿಕೊಂಡೇ ಹೊರಗೆ ಬನ್ನಿ.