ಸಕ್ಕರೆ ಕಾಯಿಲೆ ಇದ್ದವರ ಕಾಲಿನ ರಕ್ತನಾಳ: ಮಳೆ ಹಿಡಿಯುವ ಮೊದಲು ನೋಡಿಸಬೇಕಾದ್ದು

ಕೊಡಗಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ತೋಟದ ಕೆಲಸದವರ ಕಾಲು ಸರಿಯಾಗಿ ಒಣಗುವುದೇ ಇಲ್ಲ. ಗಂಬೂಟಿನೊಳಗೆ ಬೆವರು, ಬೆರಳ ಸಂದಿಯಲ್ಲಿ ಕೆಸರು, ಅಲ್ಲಲ್ಲಿ ಜಿಗಣೆ ಕಚ್ಚಿದ ಗಾಯ. ಗಟ್ಟಿಮುಟ್ಟಾದವರಿಗೆ ಇದು ನಾಲ್ಕು ದಿನದ ತುರಿಕೆ. ಹತ್ತು ಹದಿನೈದು ವರ್ಷದಿಂದ ಶುಗರ್ ಇರುವವರಿಗೆ, ಅದರಲ್ಲೂ ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರಿಗೆ, ಇದೇ ಗಾಯ ಬೆರಳು ತೆಗೆಸುವ ಹಂತಕ್ಕೆ ಹೋಗಬಹುದು. ಹೃದಯದ ನಾಳ ಕಟ್ಟಿದವರಲ್ಲಿ ಕಾಲಿನ ನಾಳವೂ ಕಟ್ಟಿರುವುದು ಸಾಮಾನ್ಯ. ಹಾಗಾಗಿ ಮೇ ತಿಂಗಳಲ್ಲೇ, ಗಾಯ ಆಗುವ ಮೊದಲು, ಕಾಲಿಗೆ ರಕ್ತ ಎಷ್ಟು ಇಳಿಯುತ್ತಿದೆ ಎಂದು ನೋಡಿಕೊಳ್ಳಬೇಕು.

ನಾಳದ ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಪದರದ ಜೀವಕೋಶಗಳ ಹೊದಿಕೆ ಇದೆ. ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ತಯಾರಾಗುವುದು ಅಲ್ಲೇ. ಆ ಶೋಧಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ ನೊಬೆಲ್ ಬಂತು. ಈ ಹೊದಿಕೆ ಹರಿದರೆ ಅಕ್ಕಪಕ್ಕದ ಕೋಶಗಳು ಹರಡಿ ಮುಚ್ಚುತ್ತವೆ. ದುರಸ್ತಿಗೆ ನೆರವಾಗುವ ಕೋಶಗಳು ರಕ್ತದಲ್ಲೂ ಓಡಾಡುತ್ತಿವೆ ಎಂದು 1997ರಲ್ಲಿ ಅಸಹಾರಾ ಮತ್ತು ಸಂಗಡಿಗರು ತೋರಿಸಿದರು. ಸಕ್ಕರೆ ಕಾಯಿಲೆಯಲ್ಲಿ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ, ಆ ಕೋಶಗಳ ಸಂಖ್ಯೆಯೂ ಕಸುವೂ ಕುಗ್ಗುತ್ತವೆ. ಬೀಡಿ ಸಿಗರೇಟು ಇದ್ದರೆ ಇನ್ನಷ್ಟು. ದುರಸ್ತಿ ನಿಧಾನವಾದ ನಾಳಕ್ಕೆ ಮತ್ತೆ ಮತ್ತೆ ಪೆಟ್ಟು ಕೊಡದೆ ಇರುವುದು, ಉಳಿದ ಹರಿವನ್ನು ಬಳಸಿ ಬೆಳೆಸುವುದು, ಇವೆರಡೂ ಮನೆಯಲ್ಲಿ ಆಗುವ ಕೆಲಸ.

ಮೊದಲು ಸ್ಪರ್ಶ. ರೋಗಿ ಮಲಗಿ ಕಣ್ಣು ಮುಚ್ಚಿಕೊಳ್ಳಲಿ. ಮನೆಯವರೊಬ್ಬರು ತೋರುಬೆರಳಿನ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒಟ್ಟು 6 ಕಡೆ. ಗೊತ್ತಾದಾಗ ‘ಎಡ’, ‘ಬಲ’ ಎಂದು ಹೇಳಬೇಕು. ಒತ್ತಬಾರದು, ಗೀರಬಾರದು, ಒಂದು ಬೆರಳನ್ನು ಎರಡನೇ ಸಲ ಮುಟ್ಟಿ ನೋಡಬಾರದು. ಒತ್ತಿದರೆ ಕೆಳಗಿನ ಕೀಲಿಗೆ ಗೊತ್ತಾಗಿ ತಪ್ಪು ಉತ್ತರ ಬರುತ್ತದೆ. ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಕಾಲನ್ನು ಕಾಯುವ ಸ್ಪರ್ಶಜ್ಞಾನ ಹೋಗಿದೆ ಎಂದೇ ಲೆಕ್ಕ. ಅಂಥವರಿಗೆ ನಾಳ ಕಟ್ಟಿದರೂ ನೋವು ಬರದೇ ಇರಬಹುದು. ‘ನನಗೇನೂ ನೋವಿಲ್ಲ’ ಎನ್ನುವ ಮಾತನ್ನು ಇಲ್ಲಿ ನಂಬಲಾಗದು.

ಆಮೇಲೆ ನಾಡಿ. ಪಾದದ ಮೇಲ್ಗಡೆ, ಹೆಬ್ಬೆರಳಿನ ನರದಂತೆ ಕಾಣುವ ಸ್ನಾಯುರಜ್ಜುವಿನ ಹೊರಮಗ್ಗುಲಲ್ಲಿ ಒಂದು. ಒಳಗಡೆಯ ಹರಡಿನ ಮೂಳೆಯ ಹಿಂದೆ ಇನ್ನೊಂದು. ಎರಡು ಬೆರಳಿನಿಂದ ಹಗುರವಾಗಿ ಹಿಡಿಯಿರಿ. ಹೆಬ್ಬೆರಳು ಇಟ್ಟರೆ ನಿಮ್ಮದೇ ನಾಡಿ ಮಿಡಿದಂತಾಗುತ್ತದೆ. ಮೇಲ್ಗಡೆಯ ನಾಡಿ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಹಿಂದಿನದು ಸಿಗದಿದ್ದರೆ ಸುಮ್ಮನೆ ಬಿಡಬೇಡಿ.

ನಿಖರವಾದ ಪರೀಕ್ಷೆ ಎಬಿಐ. ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸುವುದು, ಅಷ್ಟೇ. ಇದಕ್ಕೆ ಸಾಧಾರಣ ಬಿಪಿ ಪಟ್ಟಿಯ ಜೊತೆ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಬೇಕು, ಸಾಮಾನ್ಯವಾಗಿ 8 ಮೆಗಾಹರ್ಟ್ಸ್‌ನದು. ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ ‘ಡಾಪ್ಲರ್ ಇಟ್ಟು ಎಬಿಐ ನೋಡುತ್ತೀರಾ’ ಎಂದು ಕೇಳಿ. ರೋಗಿ 10 ನಿಮಿಷ ಅಂಗಾತ ಮಲಗಿರಬೇಕು. ಪಟ್ಟಿಯನ್ನು ಹರಡಿನ ಮೂಳೆಯಿಂದ ಸುಮಾರು 2 ಸೆಂಟಿಮೀಟರ್ ಮೇಲೆ ಸುತ್ತಿ, ನಾಡಿಯ ಮೇಲೆ ಜೆಲ್ ಹಾಕಿ, ಡಾಪ್ಲರನ್ನು ಓರೆಯಾಗಿ ಹಿಡಿಯಬೇಕು. ಸದ್ದು ನಿಂತ ಮೇಲೆ ಇನ್ನೂ 20ರಷ್ಟು ಗಾಳಿ ತುಂಬಿ, ನಿಧಾನವಾಗಿ, ಸೆಕೆಂಡಿಗೆ 2ರಂತೆ ಇಳಿಸುತ್ತಾ ಸದ್ದು ಮರಳಿದ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಪ್ರತಿ ಕಾಲಿನ ಎರಡು ನಾಡಿ, ಎರಡೂ ತೋಳು, ಹೀಗೆ 6 ಅಂಕಿ.

ಉದಾಹರಣೆಗೆ ತೋಳುಗಳಲ್ಲಿ 138 ಮತ್ತು 146 ಬಂತು. ದೊಡ್ಡದಾದ 146 ಹಿಡಿಯಿರಿ. ಬಲಗಾಲಲ್ಲಿ 118 ಮತ್ತು 110. ದೊಡ್ಡದಾದ 118ನ್ನು 146ರಿಂದ ಭಾಗಿಸಿದರೆ 0.81. 1.00ರಿಂದ 1.40 ಸರಿ, 0.91ರಿಂದ 0.99 ಅಂಚಿನಲ್ಲಿದೆ, 0.90 ಅಥವಾ ಕಡಿಮೆ ಎಂದರೆ ನಾಳ ಕಟ್ಟಿದೆ. ಈಗ ಎಡಗಾಲಲ್ಲಿ 210 ಬಂದರೆ? ಭಾಗಿಸಿದಾಗ 1.44. ಇದನ್ನು ನೋಡಿ ‘ರಕ್ತ ಚೆನ್ನಾಗಿ ಬರುತ್ತಿದೆ’ ಎಂದುಕೊಳ್ಳುವುದೇ ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಆಗುವ ದೊಡ್ಡ ತಪ್ಪು. ನಾಳದ ಗೋಡೆಗೆ ಸುಣ್ಣದಂಶ ಕೂತು ಗಟ್ಟಿಯಾಗಿ, ಪಟ್ಟಿ ಅದನ್ನು ಒತ್ತಲಾಗದೆ ಅಂಕಿ ಏರುತ್ತದೆ. ಒಳಗೆ ತಡೆ ಇರಬಹುದು. 1.40 ದಾಟಿದರೆ ಕಾಲ್ಬೆರಳಿನ ಒತ್ತಡ ಅಳೆಯುವ ಟಿಬಿಐ ಕೇಳಿ. ಬೆರಳ ನಾಳಗಳಿಗೆ ಸುಣ್ಣ ಅಷ್ಟಾಗಿ ಕೂರುವುದಿಲ್ಲ, ಅಲ್ಲಿ 0.70 ಅಥವಾ ಕೆಳಗಿದ್ದರೆ ತಡೆ ಇದೆ. ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆದರೆ, ಸಿಗರೇಟು ಸೇದಿ ಬಂದರೆ, ಪಟ್ಟಿ ಕಿರಿದಾದರೆ ಅಂಕಿ ಕೆಡುತ್ತದೆ. ಮನೆಯ ಬಟನ್ ಬಿಪಿ ಯಂತ್ರವನ್ನು ಕಾಲಿಗೆ ಕಟ್ಟಿ ಲೆಕ್ಕ ಹಾಕಬೇಡಿ. ನಾಡಿ ಕ್ಷೀಣವಾದ ಕಾಲಿನಲ್ಲಿ ಅದು ದಾರಿ ತಪ್ಪಿಸುತ್ತದೆ.

ನಾಳ ಕಟ್ಟಿದೆ, ಆದರೆ ಗಾಯವೂ ಇಲ್ಲ, ಮಲಗಿದಾಗ ನೋವೂ ಇಲ್ಲ ಎಂದರೆ ನಡಿಗೆಯೇ ಔಷಧಿ. ಹಾರ್ಟಿನ ತೊಂದರೆ ಇದ್ದವರು ಮೊದಲು ಡಾಕ್ಟರ ಒಪ್ಪಿಗೆ ಪಡೆಯಿರಿ. ಸಮತಟ್ಟು ಜಾಗದಲ್ಲಿ, ಮೀನಖಂಡ ಚೆನ್ನಾಗಿ ನೋಯುವ ತನಕ ನಡೆದು, ನೋವು ಪೂರ್ತಿ ಹೋಗುವ ತನಕ ನಿಂತು, ಮತ್ತೆ ನಡೆಯುವುದು. ನಿಂತ ಹೊತ್ತೂ ಸೇರಿ ಮೊದಲು 30 ನಿಮಿಷ, ನಿಧಾನವಾಗಿ 45ಕ್ಕೆ ಏರಿಸಿ, ವಾರಕ್ಕೆ 3 ದಿನ, ಕನಿಷ್ಠ 12 ವಾರ. ನೋವು ಶುರುವಾದ ಕೂಡಲೇ ಕೂತುಬಿಡುವವರಿಗೆ ಲಾಭ ಕಡಿಮೆ. ಎದೆ ಹಿಡಿದರೆ ಮಾತ್ರ ತಕ್ಷಣ ನಿಲ್ಲಿಸಿ. ನಮ್ಮಲ್ಲಿ ಮನೆಯಿಂದ ಹೊರಬಿದ್ದರೆ ಏರು, ಇಲ್ಲವೇ ಇಳಿಜಾರು. ಮಳೆಗಾಲದಲ್ಲಿ ಕಾಫಿ ಕಣ ಖಾಲಿ ಇದ್ದರೂ ಪಾಚಿ ಕಟ್ಟಿ ಜಾರುತ್ತದೆ. ಗೋಡೌನ್, ಉದ್ದ ಜಗಲಿ, ಊರಿನ ಸಭಾಭವನ ಮೇಲು.

ತೋಟದಿಂದ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿಯನ್ನು ಹತ್ತಿ ಬಟ್ಟೆಯಿಂದ ಒಂದೊಂದಾಗಿ ಒರೆಸಿ. ಕೊಬ್ಬರಿ ಎಣ್ಣೆಯನ್ನು ಅಂಗಾಲು, ಹಿಮ್ಮಡಿಗೆ ಹಚ್ಚಬಹುದು. ಸಂದಿಗೆ ಬೇಡ, ಅಲ್ಲಿ ತೇವ ನಿಂತು ಚರ್ಮ ಬೆಳ್ಳಗಾಗಿ ಒಡೆಯುತ್ತದೆ. ಅಂಗಾಲು ಕಾಣದಿದ್ದರೆ ನೆಲಕ್ಕೆ ಕನ್ನಡಿ ಇಟ್ಟು ನೋಡಿ. ಕಾಲುಚೀಲ ಮಧ್ಯಾಹ್ನ ಬದಲಿಸಿ. ಗಂಬೂಟು ಹಾಕುವ ಮೊದಲು ತಲೆಕೆಳಗೆ ಕೊಡವಿ, ಕೈ ಹಾಕಿ ಒಳಗೆಲ್ಲ ಸವರಿ. ಒಂದು ಕಾಫಿ ಬೀಜ ಸಾಕು, ಸ್ಪರ್ಶ ಹೋದ ಕಾಲಿನಲ್ಲಿ ಸಂಜೆಯೊಳಗೆ ಹುಣ್ಣು ಮಾಡಲು.

ಜಿಗಣೆ ಹಿಡಿದರೆ ಉಪ್ಪು, ಹೊಗೆಸೊಪ್ಪು, ಬೆಂಕಿಕಡ್ಡಿ ಬೇಡ. ಕೆರಳಿದ ಜಿಗಣೆ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು, ಅದರ ಕರುಳಿನಲ್ಲಿ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸಪೂರ ತುದಿಯ ಬಾಯಿಯ ಅಡಿಗೆ ಉಗುರು ಜಾರಿಸಿ ಬಿಡಿಸಿ, ಸೋಪುನೀರಲ್ಲಿ ತೊಳೆದು, 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆ ತಿನ್ನುವವರಿಗೆ ಇನ್ನೂ ಹೊತ್ತು ಸೋರುತ್ತದೆ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಒಲೆ ಮುಂದೆ ಕಾಲು ಕಾಯಿಸುವುದನ್ನು ಪೂರ್ತಿ ಬಿಡಬೇಕು. ಬಿಸಿನೀರಿನ ಚೀಲವೂ ಬೇಡ. ಚಳಿಗೆ ಒಣ ಉಣ್ಣೆ ಕಾಲುಚೀಲ ಸಾಕು.

‘ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಹೊಸ ನಾಳ ಹುಟ್ಟುತ್ತದೆ’ ಎಂಬ ಮಾತು ಕೇಳಿ ತೋಟ ಅಡವಿಡುವ ಮೊದಲು ಇದನ್ನು ತಿಳಿದಿರಿ. ನಾಳ ಬೆಳೆಸುವ ಜೀನ್ ಚಿಕಿತ್ಸೆಯನ್ನು 525 ರೋಗಿಗಳಲ್ಲಿ ಪರೀಕ್ಷಿಸಿದ ಟಮಾರಿಸ್ (2011), ಮೂಳೆಮಜ್ಜೆಯ ಕೋಶಗಳನ್ನು 160 ರೋಗಿಗಳಲ್ಲಿ ಪರೀಕ್ಷಿಸಿದ ಜುವೆಂಟಾಸ್ (2015), ಈ ಎರಡೂ ಪ್ರಯೋಗಗಳಲ್ಲಿ ಕಾಲು ಕತ್ತರಿಸುವುದು ಕಡಿಮೆಯಾಗಲಿಲ್ಲ. ಸಂಶೋಧನೆ ಮುಂದುವರಿದಿದೆ, ಆದರೆ ಪ್ರಯೋಗದಲ್ಲಿ ಸೇರುವವರು ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಕೇಳಿದರೆ ಅನುಮಾನಿಸಿ. ಸೆಮಾಗ್ಲುಟೈಡ್ ಎಂಬ ಶುಗರ್ ಇಂಜೆಕ್ಷನನ್ನು ವಾರಕ್ಕೊಮ್ಮೆ ಕೊಟ್ಟ ಸ್ಟ್ರೈಡ್ ಪ್ರಯೋಗದಲ್ಲಿ (2025) ಸಕ್ಕರೆ ಕಾಯಿಲೆಯೂ ಕಾಲುನಾಳದ ತಡೆಯೂ ಇದ್ದ 792 ಮಂದಿಯಲ್ಲಿ ನಡೆಯುವ ದೂರ ಹೆಚ್ಚಿತು. ನಿಮಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳುವಂಥದ್ದು ಇದು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಬಿಪಿ ಹತೋಟಿ, ಹೊಗೆ ಬಿಡುವುದು ಇದ್ದೇ ಇವೆ.

ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ನೋವು ಅಥವಾ ಜೋಮು ಹಿಡಿದರೆ ಅದು ಗಂಟೆಗಳ ಲೆಕ್ಕ. 6 ಗಂಟೆ ದಾಟಿದರೆ ಸ್ನಾಯು ಸಾಯತೊಡಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಳೆಯಲ್ಲಿ ರಸ್ತೆ ಇನ್ನೂ ನಿಧಾನ. ಎಣ್ಣೆ ತಿಕ್ಕುತ್ತಾ ಬೆಳಗಾಗಲಿ ಎಂದು ಕಾಯದೆ ಹೊರಡಿ, ರಕ್ತನಾಳ ಶಸ್ತ್ರಚಿಕಿತ್ಸಕರು ಇದ್ದಾರೆಯೇ ಎಂದು ದಾರಿಯಿಂದಲೇ ಫೋನ್ ಮಾಡಿ. ಗಾಯದ ಸುತ್ತ ಕೆಂಪು 2 ಸೆಂಟಿಮೀಟರ್‌ಗಿಂತ ಹರಡಿದರೆ, ಬೆರಳು ಕಪ್ಪಾದರೆ, ವಾಸನೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆ ಸೇರಿ. ಮೇ ತಿಂಗಳ ಎಬಿಐ ಚೀಟಿಯನ್ನು ಮಾತ್ರೆ ಡಬ್ಬಿಯಲ್ಲೇ ಇಟ್ಟಿದ್ದು ಜೊತೆಗೊಯ್ಯಿರಿ. ಹಳೆಯ ಅಂಕಿ ಕೈಯಲ್ಲಿದ್ದರೆ ಹರಿವು ಹೊಸದಾಗಿ ಎಷ್ಟು ಕುಗ್ಗಿದೆ ಎಂದು ಅಲ್ಲಿನವರಿಗೆ ಬೇಗ ಅಂದಾಜು ಸಿಗುತ್ತದೆ.