ಮೊಟ್ಟೆಯ ಹಳದಿಯಿಂದ ಲಿಪಿಡ್ ಬೇರ್ಪಡಿಸಿದ್ದು: ನನ್ನ ಅನುಭವ

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ, ಪಿಷ್ಟ ಅಂದರೆ ಗ್ಲೂಕೋಸಿನ ಸರಪಳಿ. ಲಿಪಿಡ್ ಅಂದರೇನು ಎಂದು ಕೇಳಿದರೆ ಅಂಥ ಒಂದು ಸಾಲಿನ ಉತ್ತರ ಸಿಗುವುದಿಲ್ಲ. ಎಣ್ಣೆ, ಮೇಣ, ಕೊಲೆಸ್ಟರಾಲ್, ವಿಟಮಿನ್ ಎ, ಜೀವಕೋಶದ ಪೊರೆಯ ಫಾಸ್ಫೋಲಿಪಿಡ್ ಎಲ್ಲವೂ ಲಿಪಿಡ್‌ಗಳೇ, ಆದರೆ ರಚನೆಯಲ್ಲಿ ಒಂದರಂತೆ ಇನ್ನೊಂದಿಲ್ಲ. ನೀರಿನೊಂದಿಗೆ ಬೆರೆಯಲೊಲ್ಲವು, ಕ್ಲೋರೋಫಾರ್ಮಿನಂಥ ದ್ರಾವಕದಲ್ಲಿ ಸಲೀಸಾಗಿ ಕರಗುತ್ತವೆ ಎನ್ನುವುದೊಂದೇ ಇವನ್ನು ಒಟ್ಟಿಗೆ ಹಿಡಿದಿಟ್ಟಿರುವ ಎಳೆ. ಹಾಗಿದ್ದ ಮೇಲೆ ವರ್ಗೀಕರಣದ ಪಟ್ಟಿಯನ್ನು ಉರುಹೊಡೆಯುವುದೇಕೆ, ಆ ಕೆಲಸವನ್ನು ದ್ರಾವಕಕ್ಕೇ ವಹಿಸೋಣ ಎಂದುಕೊಂಡು ಶುರು ಮಾಡಿದೆ.

ಮೊಟ್ಟೆಯ ಹಳದಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅದರ ತೂಕದ ಸುಮಾರು ಮೂರನೇ ಒಂದು ಭಾಗ ಲಿಪಿಡ್ಡೇ, ಅದರಲ್ಲೂ ಮುಖ್ಯ ಬಗೆಗಳೆಲ್ಲ ಇವೆ. ಅನುಸರಿಸಿದ್ದು ಫೋಲ್ಚ್ ಮತ್ತು ಜೊತೆಗಾರರು 1957ರಲ್ಲಿ ಪ್ರಕಟಿಸಿದ ವಿಧಾನ: ಎರಡು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಮೆಥನಾಲ್, ಒಂದು ಗ್ರಾಂ ಹಳದಿಗೆ 20 ಮಿಲಿಲೀಟರ್ ಮಿಶ್ರಣ. ಕ್ಲೋರೋಫಾರ್ಮ್ ಒಂದೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಪೊರೆಯ ಲಿಪಿಡ್‌ಗಳು ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಆ ಹಿಡಿತವನ್ನು ಸಡಿಲಿಸುವುದು ಮೆಥನಾಲ್. ಕಲಕಿ ಸೋಸಿದಾಗ ಕಾಗದದ ಮೇಲೆ ಬಿಳಿಯ ಪ್ರೋಟೀನ್ ಗರಣೆ ಉಳಿದು, ಕೆಳಗೆ ಹೊಳೆಯುವ ಹಳದಿ ದ್ರಾವಣ ಇಳಿಯಿತು. ಆ ಬಣ್ಣ ಲುಟೀನ್, ಜಿಯಾಕ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್‌ಗಳದ್ದು, ಅವೂ ಲಿಪಿಡ್‌ಗಳೇ.

ಇದಕ್ಕೆ 4 ಮಿಲಿಲೀಟರ್ ಉಪ್ಪುನೀರು ಸೇರಿಸಿ ಅಲುಗಾಡಿಸಿ ಇಟ್ಟರೆ ಎರಡು ಪದರ. ಕ್ಲೋರೋಫಾರ್ಮಿನ ಸಾಂದ್ರತೆ 1.49 (ನೀರಿನದು 1), ಹಾಗಾಗಿ ಹಳದಿ ಪದರ ತಳದಲ್ಲಿ. ಮೆಥನಾಲು ಮತ್ತು ನೀರು ಸಕ್ಕರೆ, ಲವಣಗಳನ್ನು ಹೊತ್ತುಕೊಂಡು ಮೇಲಕ್ಕೆ. ಬರೀ ನೀರು ಹಾಕಿದರೆ ಋಣ ಆವೇಶದ ಫಾಸ್ಫೋಲಿಪಿಡ್‌ಗಳು ಒಂದಿಷ್ಟು ಮೇಲಿನ ಪದರಕ್ಕೆ ಜಾರಿಹೋಗುತ್ತವೆ, ಉಪ್ಪು ಅದನ್ನು ತಡೆಯುತ್ತದೆ. ಇಷ್ಟೂ ಕೆಲಸ ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ, ಗಾಜಿನ ಪಾತ್ರೆಗಳಲ್ಲೇ ಆಗಬೇಕು. ಪ್ಲಾಸ್ಟಿಕ್ ಕೊಳವೆ ಬಳಸಿದರೆ ಕ್ಲೋರೋಫಾರ್ಮ್ ಅದರೊಳಗಿನ ಮೆದುಕಾರಕಗಳನ್ನೂ ಎಳೆದು ತಂದು, ಮುಂದಿನ ಹಂತದಲ್ಲಿ ಲಿಪಿಡ್‌ಗಳನ್ನು ಬಿಡಿಸುವ ಪ್ಲೇಟಿನ ಮೇಲೆ ಯಾವ ಜೀವಿಯದೂ ಅಲ್ಲದ ಚುಕ್ಕೆ ಮೂಡಿಸುತ್ತದೆ. ಕೆಳಪದರವನ್ನು ನೈಟ್ರೋಜನ್ ಹಾಯಿಸಿ ಒಣಗಿಸಿದೆ. ಗಾಳಿ ಹಾಯಿಸಿದರೆ ದ್ವಿಬಂಧವಿರುವ ಕೊಬ್ಬಿನಾಮ್ಲಗಳು ಆಮ್ಲಜನಕಕ್ಕೆ ಸಿಕ್ಕಿ ಕೆಡುತ್ತವೆ.

ಇನ್ನು ತೆಳುಪದರ ಕ್ರೊಮ್ಯಾಟೋಗ್ರಫಿ, ಅಂದರೆ ಪ್ಲೇಟಿನ ತೆಳು ಲೇಪದ ಮೇಲೆ ದ್ರಾವಕ ಏರುತ್ತ ಮಿಶ್ರಣವನ್ನು ಬಿಡಿಬಿಡಿ ಚುಕ್ಕೆಗಳಾಗಿ ಬೇರ್ಪಡಿಸುವ ವಿಧಾನ. ನನ್ನ ಮಟ್ಟಿಗೆ ಇಡೀ ಪಾಠ ಇರುವುದು ಇಲ್ಲೇ. ಸಿಲಿಕಾ ಪ್ಲೇಟಿನ ಬುಡದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು (ಪೆನ್ನಾದರೆ ಶಾಯಿಯೂ ದ್ರಾವಕದ ಜೊತೆ ಹೊರಟುಬಿಡುತ್ತದೆ), ಕ್ಯಾಪಿಲರಿಯಿಂದ ಮಾದರಿಯ ಚುಕ್ಕೆ ಇಟ್ಟು, ಹೆಕ್ಸೇನ್, ಡೈಈಥೈಲ್ ಈಥರ್, ಅಸೆಟಿಕ್ ಆಮ್ಲ 80:20:1 ಮಿಶ್ರಣದಲ್ಲಿ ನಿಲ್ಲಿಸಿದೆ. ಸಿಲಿಕಾದ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳು. ಧ್ರುವೀಯ ಅಣುವನ್ನು (ನೀರಿನ ಕಡೆ ಒಲವಿರುವಂಥದ್ದನ್ನು) ಅವು ಹಿಡಿದುಕೊಳ್ಳುತ್ತವೆ, ಉಳಿದವನ್ನು ಹೋಗಬಿಡುತ್ತವೆ. ಆಮೇಲೆ ಅಯೋಡಿನ್ ಹರಳಿರುವ ಮುಚ್ಚಿದ ಜಾಡಿಯೊಳಗೆ ಪ್ಲೇಟನ್ನು ಇಟ್ಟರೆ ಕಂದು ಚುಕ್ಕೆಗಳು ಒಂದೊಂದಾಗಿ ಏಳುತ್ತವೆ.

ತುತ್ತತುದಿಯಲ್ಲಿ ತೆಳುವಾಗಿ ಕೊಲೆಸ್ಟರಾಲ್ ಎಸ್ಟರ್. ಅದರ ಕೆಳಗೆ ದಪ್ಪ ಮಚ್ಚೆ, ಟ್ರೈಗ್ಲಿಸರೈಡ್. ಇನ್ನೂ ಕೆಳಗೆ ಮಸುಕಾಗಿ ಮುಕ್ತ ಕೊಬ್ಬಿನಾಮ್ಲ, ನಂತರ ಕೊಲೆಸ್ಟರಾಲ್. ಪೆನ್ಸಿಲ್ ಗೆರೆ ಬಿಟ್ಟು ಕದಲದೆ ಕೂತದ್ದು ಫಾಸ್ಫೋಲಿಪಿಡ್.

ಈ ಕ್ರಮವನ್ನು ನಾನು ದೇಹದ ನಕ್ಷೆಯಾಗಿಯೇ ಓದುತ್ತೇನೆ. ಮೇಲೆ ಓಡಿದವಕ್ಕೆ ನೀರಿನ ಕಡೆ ಚಾಚಲು ಕೈಯೇ ಇಲ್ಲ. ಟ್ರೈಗ್ಲಿಸರೈಡಿನಲ್ಲಿ ಗ್ಲಿಸರಾಲಿನ ಮೂರೂ ಹೈಡ್ರಾಕ್ಸಿಲ್‌ಗಳಿಗೆ ಕೊಬ್ಬಿನಾಮ್ಲ ಅಂಟಿ ಮುಚ್ಚಿಹೋಗಿವೆ. ಅದಕ್ಕೇ ಅದು ನೀರನ್ನು ಜೊತೆಗೆ ಹೊರದೆ ಹನಿಯಾಗಿ ಶೇಖರವಾಗಬಲ್ಲದು. ಗ್ರಾಂಗೆ 9 ಕಿಲೋಕ್ಯಾಲರಿ ಶಕ್ತಿ ಅಷ್ಟು ಕಡಿಮೆ ಜಾಗದಲ್ಲಿ ಹಿಡಿಯುತ್ತದೆ. ಗೆರೆಯಲ್ಲೇ ಉಳಿದ ಫಾಸ್ಫೋಲಿಪಿಡಿಗೆ ಕೊಬ್ಬಿನಾಮ್ಲದ ಎರಡು ಬಾಲ, ಜೊತೆಗೆ ಆವೇಶ ಹೊತ್ತ ಫಾಸ್ಫೇಟ್ ತಲೆ. ಅದರ ಜಾಗ ಪೊರೆ. ಎಲ್ಲಕ್ಕಿಂತ ಚೆನ್ನಾಗಿ ಪಾಠ ಹೇಳುವುದು ಕೊಲೆಸ್ಟರಾಲ್. ನಾಲ್ಕು ಉಂಗುರ, 27 ಕಾರ್ಬನ್, ಒಂದೇ ಒಂದು ಹೈಡ್ರಾಕ್ಸಿಲ್. ಆ ಹೈಡ್ರಾಕ್ಸಿಲ್ ತೆರೆದಿದ್ದರೆ ಚುಕ್ಕೆ ಪ್ಲೇಟಿನ ಕೆಳಭಾಗದಲ್ಲಿ, ಅಣು ಪೊರೆಯಲ್ಲಿ. ಅದಕ್ಕೊಂದು ಕೊಬ್ಬಿನಾಮ್ಲ ಅಂಟಿಸಿ ಮುಚ್ಚಿದರೆ ಚುಕ್ಕೆ ತುದಿಗೆ ಓಡುತ್ತದೆ, ಅಣು ಪೊರೆ ಬಿಟ್ಟು ಕೊಬ್ಬಿನ ಹನಿಯೊಳಗೆ ಸೇರುತ್ತದೆ. ಜೀವಕೋಶ ಹೆಚ್ಚಾದ ಕೊಲೆಸ್ಟರಾಲನ್ನು ದಾಸ್ತಾನು ಮಾಡುವ ಉಪಾಯವೇ ಇದು.

ಗೆರೆಯಲ್ಲಿ ಉಳಿದದ್ದನ್ನು ಬಿಡಿಸಲು ಇನ್ನೊಂದು ಪ್ಲೇಟು ಬೇಕು. ಈ ಸಲ ಕ್ಲೋರೋಫಾರ್ಮ್, ಮೆಥನಾಲ್, ನೀರು 65:25:4. ಟ್ರೈಗ್ಲಿಸರೈಡು, ಕೊಲೆಸ್ಟರಾಲು ಎಲ್ಲ ದ್ರಾವಕದ ಮುಂಚೂಣಿಯ ಜೊತೆ ಹೊರಟುಹೋಗಿ, ಫಾಸ್ಫೋಲಿಪಿಡ್‌ಗಳ ಪೈಕಿ ಫಾಸ್ಫಟಿಡೈಲ್ ಎಥನಾಲಮೈನ್ ಮೇಲೆ, ಫಾಸ್ಫಟಿಡೈಲ್ ಕೋಲೀನ್ ಕೆಳಗೆ ನಿಲ್ಲುತ್ತದೆ. ಹಳದಿಯಲ್ಲಿ ಕೋಲೀನಿನದೇ ಕಾರುಬಾರು. ಅಮೈನೋ ಗುಂಪನ್ನು ಬಣ್ಣದಿಂದ ತೋರಿಸುವ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದರೆ ಮೇಲಿನ ಚುಕ್ಕೆ ಮಾತ್ರ ನೇರಳೆಗೆ ತಿರುಗುತ್ತದೆ, ಏಕೆಂದರೆ ಮುಕ್ತ ಅಮೈನೋ ಗುಂಪಿರುವುದು ಅದಕ್ಕೇ.

ಫಾಸ್ಫೋಲಿಪಿಡ್ಡನ್ನು ಒಟ್ಟಾಗಿ ಪಡೆಯಲು ಪ್ಲೇಟು ಕೆರೆಯುವ ಗೋಜೂ ಬೇಡ. ಒಣಗಿದ ಸಾರಕ್ಕೆ ತಣ್ಣಗಿನ ಅಸಿಟೋನ್ ಹಾಕಿದರೆ ಟ್ರೈಗ್ಲಿಸರೈಡು, ಕೊಲೆಸ್ಟರಾಲು ಕರಗಿ, ಫಾಸ್ಫೋಲಿಪಿಡ್ ಅಂಟಂಟಾಗಿ ತಳ ಸೇರುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ಗಾರ್ಟರ್ ಮತ್ತು ಗ್ರೆಂಡೆಲ್ ಅವರ 1925ರ ಪ್ರಯೋಗದ ಬಗ್ಗೆ ನಗು ಬರುತ್ತದೆ. ಕೆಂಪು ರಕ್ತಕಣಗಳ ಲಿಪಿಡ್ ತೆಗೆಯಲು ಅವರು ಬಳಸಿದ್ದು ಅಸಿಟೋನನ್ನೇ! ಲಿಪಿಡ್ ಪೂರ್ತಿ ಬರಲಿಲ್ಲ, ಇತ್ತ ಕಣದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು; ಎರಡೂ ಒಂದನ್ನೊಂದು ಸರಿದೂಗಿಸಿ, ಹರಡಿದ ಲಿಪಿಡ್ಡಿನ ವಿಸ್ತೀರ್ಣಕ್ಕೂ ಕಣದ ಮೇಲ್ಮೈಗೂ ಎರಡಕ್ಕೆ ಒಂದರ ಅನುಪಾತ ಬಂತು. ಪೊರೆ ಎರಡು ಪದರದ್ದು ಎಂಬ ಅವರ ತೀರ್ಮಾನ ಮಾತ್ರ ಸರಿಯಾಗಿತ್ತು.

ಆ ಅಂಟಿನ ಚೂರೊಂದನ್ನು ಸ್ಲೈಡಿನ ಮೇಲಿಟ್ಟು ಅಂಚಿಗೆ ನೀರು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೀರು ತಾಕಿದ ಕಡೆಯಿಂದ ಬೆರಳಿನಂಥ ಕೊಳವೆಗಳು ಹೊರಚಾಚಿ, ಬಾಗಿ, ಸುರುಳಿ ಸುತ್ತುತ್ತ ಬೆಳೆದವು. ಒಂದೊಂದೂ ನೂರಾರು ದ್ವಿಪದರಗಳ ಸುತ್ತು. ಯಾವ ಕಿಣ್ವವೂ ಇಲ್ಲ, ಶಕ್ತಿ ಕೊಡುವವರೂ ಇಲ್ಲ. ಬಾಲಗಳು ನೀರಿನಿಂದ ಮುಖ ತಿರುಗಿಸಿದ್ದಷ್ಟೇ. ಒಂದು ಬಾಲ ಕಿತ್ತರೆ ಈ ಆಟ ನಡೆಯದು. ಹಾವಿನ ವಿಷದಲ್ಲಿರುವ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಮಾಡುವುದು ಅದನ್ನೇ: ಉಳಿಯುವ ಒಂಟಿಬಾಲದ ಲೈಸೋ ರೂಪ ಹಾಳೆಯಾಗಿ ಜೋಡಣೆಯಾಗದೆ, ಇದ್ದ ಪೊರೆಯನ್ನೂ ಒಡೆಯುತ್ತದೆ.

ಬಾಲಗಳ ವಿವರ ಮಾತ್ರ ಈ ಪ್ಲೇಟಿನಿಂದ ಸಿಗದು. ಸ್ಟಿಯರಿಕ್ ಆಮ್ಲಕ್ಕೂ ಓಲಿಯಿಕ್ ಆಮ್ಲಕ್ಕೂ 18 ಕಾರ್ಬನ್ನೇ. ಒಂದು ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ನಡುವಿನ ಒಂದು ದ್ವಿಬಂಧದಿಂದ ಬಾಗಿದ ಇನ್ನೊಂದು 13ರ ಆಸುಪಾಸಿನಲ್ಲೇ ಕರಗುತ್ತದೆ. ಆದರೂ ಸಾಮಾನ್ಯ ಸಿಲಿಕಾದ ಮೇಲೆ ಎರಡೂ ಒಂದೇ ಚುಕ್ಕೆ. ಅವನ್ನು ಬೇರೆ ಮಾಡಲು ಮೀಥೈಲ್ ಎಸ್ಟರ್ ಮಾಡಿ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಕೊಡಬೇಕು. ಅದಕ್ಕೆಂದು ಉಳಿದ ಸಾರವನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಆಮ್ಲಜನಕದಿಂದ ಕೆಡದಂತೆ ತಡೆಯುವ ಬಿಎಚ್‌ಟಿ ಚಿಟಿಕೆ ಸೇರಿಸಿ, ಟೆಫ್ಲಾನ್ ಮುಚ್ಚಳದ ಗಾಜಿನ ಸೀಸೆಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದೇನೆ.